ವಿಮಾನ ನಿಲ್ದಾಣದಲ್ಲಿ ಹಿತಾಹಾರ ಮತ್ತು ಮಿತವ್ಯಯ

ಶ್ರೀಮಠದ ಸದ್ಭಕ್ತರ ಮನೆಗಳಲ್ಲಿ ಮಗನೋ ಮಗಳೋ ಹೊರದೇಶದಲ್ಲಿ ನೆಲೆಸಿರುವುದು ಇಂದು ಅಪರೂಪವಲ್ಲ. ಮಗಳ ಬಾಣಂತನಕ್ಕೆಂದು, ಮೊಮ್ಮಕ್ಕಳನ್ನು ಕಾಣಲೆಂದು, ಮಗನ ಹೊಸ ಮನೆಯ ಪ್ರವೇಶಕ್ಕೆಂದು ಅರುವತ್ತು ಎಪ್ಪತ್ತು ದಾಟಿದ ತಂದೆತಾಯಿಗಳು ಬೆಂಗಳೂರಿನಲ್ಲಿ ವಿಮಾನವೇರಿ ಅಮೆರಿಕಕ್ಕೋ ಯುರೋಪಿಗೋ ಹೊರಡುತ್ತಾರೆ. ನೇರವಾಗಿ ಹೋಗುವ ವಿಮಾನಗಳು ಕಡಿಮೆ, ಅವುಗಳ ಟಿಕೆಟ್ಟೂ ದುಬಾರಿ. ಆದಕಾರಣ ದುಬೈ, ದೋಹಾ, ಅಬುಧಾಬಿಗಳಂತಹ ಊರುಗಳಲ್ಲಿ ಇಳಿದು, ಆರರಿಂದ ಹನ್ನೆರಡು ಗಂಟೆ ಕಾದು, ಮತ್ತೊಂದು ವಿಮಾನ ಹತ್ತುವುದೇ ಹೆಚ್ಚು. ಪಾಸ್‌ಪೋರ್ಟ್, ವೀಸಾ, ಉಡುಗೊರೆ, ಉಣ್ಣೆಯ ಉಡುಪು ಇವುಗಳ ಸಿದ್ಧತೆ ತಿಂಗಳುಗಟ್ಟಲೆ ನಡೆಯುತ್ತದೆ. ಆದರೆ ಆ ಹತ್ತು ಗಂಟೆಗಳ ಕಾಲ ಹೊಟ್ಟೆಗೇನು ಎಂಬ ಸಿದ್ಧತೆಯನ್ನು ಯಾರೂ ಮಾಡಿಕೊಳ್ಳುವುದಿಲ್ಲ.

ಹೀಗೆ ಪ್ರಯಾಣ ಮಾಡಿ ಬಂದು ನಮ್ಮ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಮೊದಲನೆಯವರು ಅಲ್ಲಿನ ಬೆಲೆಯನ್ನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿ ನೋಡಿ, "ಇಷ್ಟಕ್ಕೆ ಊರಲ್ಲಿ ವಾರದ ಸಂತೆಯಾಗುತ್ತದೆ" ಎಂದು ಬಾಯಿ ಕಟ್ಟಿ ಕುಳಿತವರು. ಎರಡನೆಯವರು ಹಸಿವು ತಾಳದೆ ಕೈಗೆ ಸಿಕ್ಕಿದ ಕರಿದ ತಿಂಡಿ, ತಂಪು ಪಾನೀಯ, ಚಾಕೊಲೇಟುಗಳಿಂದ ಹೊಟ್ಟೆ ತುಂಬಿಸಿಕೊಂಡವರು. ಮೊದಲನೆಯವರು ತಲೆಸುತ್ತು, ಮಲಬದ್ಧತೆ, ಉರಿಮೂತ್ರಗಳನ್ನೂ, ಎರಡನೆಯವರು ಅಜೀರ್ಣ, ಆಮ್ಲಪಿತ್ತ, ಏರಿದ ರಕ್ತಸಕ್ಕರೆಯನ್ನೂ ಮಕ್ಕಳ ಮನೆಗೆ ಹೊತ್ತೊಯ್ಯುತ್ತಾರೆ. ಮಿತವ್ಯಯವೆಂದರೆ ಊಟ ಬಿಡುವುದಲ್ಲ, ಊಟವನ್ನು ಮೊದಲೇ ಯೋಚಿಸುವುದು. ಈ ಲೇಖನದ ತಾತ್ಪರ್ಯ ಇಷ್ಟೇ. ಉಳಿದದ್ದೆಲ್ಲ ಅದರ ವಿವರಣೆ.

ಪ್ರಯಾಣದಲ್ಲಿ ದೇಹದ ಸ್ಥಿತಿ

ಆಯುರ್ವೇದದ ದೃಷ್ಟಿಯಲ್ಲಿ ಪ್ರಯಾಣವು ವಾತವನ್ನು ಕೆರಳಿಸುವಂಥದ್ದು. ನಿದ್ರಾಭಂಗ, ಹೊತ್ತಲ್ಲದ ಹೊತ್ತಿನ ಊಟ, ಶೀತಲವಾದ ಒಣಗಾಳಿ, ಮನಸ್ಸಿನ ಆತಂಕ ಇವೆಲ್ಲವೂ ವಾತವರ್ಧಕಗಳು. ವಾತ ಕೆರಳಿದಾಗ ಜಠರಾಗ್ನಿಯು ವಿಷಮವಾಗುತ್ತದೆ. ಒಮ್ಮೆ ತಿಂದದ್ದು ಕರಗುತ್ತದೆ, ಇನ್ನೊಮ್ಮೆ ಅಷ್ಟೇ ತಿಂದದ್ದು ಕಲ್ಲಿನಂತೆ ಕೂರುತ್ತದೆ.

ಆಧುನಿಕ ವಿಜ್ಞಾನವೂ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳುತ್ತದೆ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡವು ನೆಲಮಟ್ಟದಷ್ಟು ಇರುವುದಿಲ್ಲ. ಅದು ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವ ಒತ್ತಡಕ್ಕೆ ಸಮ. ಅಂದರೆ ನಮ್ಮ ನಾಡಿನ ಅತ್ಯುನ್ನತ ಶಿಖರವಾದ, ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ ಅಥವಾ ಅದಕ್ಕೂ ಎತ್ತರದಲ್ಲಿ ಗಂಟೆಗಟ್ಟಲೆ ಕುಳಿತಂತೆ. ಒತ್ತಡ ಕಡಿಮೆಯಾದಾಗ ಹೊಟ್ಟೆಯೊಳಗಿನ ವಾಯು ಹಿಗ್ಗುತ್ತದೆ. ಗಾಳಿಯಲ್ಲಿನ ತೇವಾಂಶವೂ ಶೇ. 20ಕ್ಕಿಂತ ಕೆಳಗಿಳಿಯುವುದರಿಂದ ಬಾಯಿ, ಮೂಗು, ಚರ್ಮಗಳು ಒಣಗುತ್ತವೆ. ಹೀಗೆ ದಣಿದು ಇಳಿದ ದೇಹವು, ಇನ್ನೂ ಹದಿನಾಲ್ಕು ಗಂಟೆ ಹಾರಲು ಸಿದ್ಧವಾಗಬೇಕಾದ ಎಡೆಯೇ ನಡುವಿನ ವಿಮಾನ ನಿಲ್ದಾಣ. ಅಲ್ಲಿ ತಿಂದದ್ದರ ಫಲವನ್ನು ಮುಂದಿನ ಆಕಾಶಮಾರ್ಗದಲ್ಲಿ ಉಣ್ಣಬೇಕಾಗುತ್ತದೆ.

ಉಪವಾಸವು ಉಳಿತಾಯವಲ್ಲ

ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತದೆ. ಹಸಿವು, ಬಾಯಾರಿಕೆ, ಮೂತ್ರ, ಮಲ, ನಿದ್ರೆ ಇವು ಆ ಹದಿಮೂರರಲ್ಲಿ ಸೇರಿವೆ. ವಿಮಾನ ನಿಲ್ದಾಣದಲ್ಲಿ ನಮ್ಮ ಹಿರಿಯರು ಈ ಐದನ್ನೂ ಒಟ್ಟಿಗೇ ತಡೆಯುತ್ತಾರೆ. ಬೆಲೆಗೆ ಹೆದರಿ ಹಸಿವನ್ನು ತಡೆಯುತ್ತಾರೆ. ಶೌಚಾಲಯ ದೂರವೆಂದು ನೀರನ್ನೇ ಬಿಡುತ್ತಾರೆ. ಚೀಲ ಕಾಯಬೇಕೆಂದು ಮೂತ್ರವನ್ನು ತಡೆಯುತ್ತಾರೆ. ವಿಮಾನ ತಪ್ಪೀತೆಂದು ಕಣ್ಣು ಮುಚ್ಚುವುದಿಲ್ಲ.

ವ್ರತದ ಉಪವಾಸ ಬೇರೆ, ಲೆಕ್ಕಾಚಾರದ ಉಪವಾಸ ಬೇರೆ. ಮೊದಲನೆಯದರಲ್ಲಿ ಮನಸ್ಸು ಶಾಂತವಾಗಿರುತ್ತದೆ, ದೇಹಕ್ಕೆ ವಿಶ್ರಾಂತಿಯೂ ಇರುತ್ತದೆ. ಎರಡನೆಯದರಲ್ಲಿ ಎರಡೂ ಇಲ್ಲ. ಮಧುಮೇಹಿಗಳಿಗಂತೂ ಅದು ಅಪಾಯಕರ. ನಮ್ಮಲ್ಲಿ ಚಿಕಿತ್ಸೆ ಪಡೆಯುತ್ತಿದ್ದ ಹಿರಿಯರೊಬ್ಬರು ಪತ್ನಿಯೊಡನೆ ಮಗನಲ್ಲಿಗೆ ಹೊರಟಿದ್ದರು. ಕೊಲ್ಲಿ ದೇಶದ ನಿಲ್ದಾಣವೊಂದರಲ್ಲಿ ಒಂಬತ್ತು ಗಂಟೆ ಕಾಯುವುದಿತ್ತು. ಬೆಳಗಿನ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ತಪ್ಪದೆ ನುಂಗಿದರು, ಒಂದು ತಟ್ಟೆ ಇಡ್ಲಿಯ ಬೆಲೆ ಕೇಳಿ ಹಿಂದಿರುಗಿದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ಮೈ ನಡುಗಿತು, ಬೆವರು ಇಳಿಯಿತು, ಮಾತು ತೊದಲಿತು. ಹವಾನಿಯಂತ್ರಣದ ಚಳಿಯೆಂದೇ ತಿಳಿದ ಪತ್ನಿ ಶಾಲು ಹೊದಿಸಿದರು. ಪಕ್ಕದಲ್ಲಿದ್ದ ಸಹಪ್ರಯಾಣಿಕರೊಬ್ಬರು, ಚಳಿಯಾದವನು ಬೆವರುವುದಿಲ್ಲವೆಂದು ಗುರುತಿಸಿ, ಚಹಾದ ಅಂಗಡಿಯ ಮೇಜಿನ ಮೇಲಿದ್ದ ಸಕ್ಕರೆಯ ಪುಟ್ಟ ಪೊಟ್ಟಣಗಳನ್ನು ತಂದು ನೀರಿನಲ್ಲಿ ಕರಗಿಸಿ ಕುಡಿಸಿದರು. ಕಾಲು ಗಂಟೆಯಲ್ಲಿ ಅವರು ಚೇತರಿಸಿಕೊಂಡರು. ಜೀವ ಉಳಿಸಿದ ಆ ಸಕ್ಕರೆಗೆ ಯಾರೂ ಹಣ ಕೇಳಲಿಲ್ಲ.

ಇನ್ಸುಲಿನ್ ಚುಚ್ಚಿಕೊಳ್ಳುವವರು ಮತ್ತು ಗ್ಲಿಮೆಪಿರೈಡ್ ಮೊದಲಾದ ಮಾತ್ರೆ ಸೇವಿಸುವವರು ಔಷಧ ತೆಗೆದುಕೊಂಡು ಆಹಾರ ಬಿಟ್ಟರೆ ರಕ್ತದ ಸಕ್ಕರೆ ಕುಸಿಯುತ್ತದೆ. ನಡುಕ, ತಣ್ಣನೆಯ ಬೆವರು, ಎದೆಬಡಿತ, ಗಲಿಬಿಲಿ ಇವು ಅದರ ಲಕ್ಷಣಗಳು. ಅಂಥ ಹೊತ್ತಿನಲ್ಲಿ ಮೂರು ಚಮಚ, ಎಂದರೆ ಸುಮಾರು 15 ಗ್ರಾಂ, ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು, 15 ನಿಮಿಷ ನೋಡಿ, ಸುಧಾರಿಸದಿದ್ದರೆ ಮತ್ತೊಮ್ಮೆ ಕೊಡಬೇಕು. ಸುಧಾರಿಸಿದ ಮೇಲೆ ಏನನ್ನಾದರೂ ತಿನ್ನಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ನಿಲ್ದಾಣದ ವೈದ್ಯಕೀಯ ಸಿಬ್ಬಂದಿಯನ್ನು ಕರೆಯಬೇಕು.

ಚರಕರ ಎಂಟು ಸೂತ್ರಗಳು

ಚರಕಸಂಹಿತೆಯಲ್ಲಿ ‘ವಿಮಾನಸ್ಥಾನ’ವೆಂಬ ಒಂದು ಭಾಗವಿದೆ. ಇಲ್ಲಿ ವಿಮಾನವೆಂದರೆ ಹಾರುವ ಯಂತ್ರವಲ್ಲ, ವಿಶೇಷವಾದ ಮಾನ, ಅಂದರೆ ಅಳತೆಯ ಜ್ಞಾನ. ಆದರೂ ವಿಮಾನಯಾನಿಗಳಿಗೆ ಬೇಕಾದ ಪಾಠ ಅಲ್ಲಿಯೇ ಇರುವುದು ಸೊಗಸಾದ ಕಾಕತಾಳೀಯ. ಅದರ ಮೊದಲ ಅಧ್ಯಾಯವು ಆಹಾರವನ್ನು ಸೇವಿಸುವ ಮುನ್ನ ವಿಚಾರಿಸಬೇಕಾದ ಎಂಟು ಅಂಶಗಳನ್ನು ನಿರೂಪಿಸುತ್ತದೆ. ಅವು ಪ್ರಕೃತಿ, ಕರಣ, ಸಂಯೋಗ, ರಾಶಿ, ದೇಶ, ಕಾಲ, ಉಪಯೋಗಸಂಸ್ಥೆ ಮತ್ತು ಉಪಯೋಕ್ತೃ. ಇವನ್ನು ಒಂದೊಂದಾಗಿ ವಿಮಾನ ನಿಲ್ದಾಣಕ್ಕೆ ಅನ್ವಯಿಸಿ ನೋಡೋಣ.

1. ಪ್ರಕೃತಿ: ಪದಾರ್ಥದ ಸ್ವಭಾವ

ಅಕ್ಕಿಯ ಅರಳು, ಅವಲಕ್ಕಿ, ಹೆಸರುಬೇಳೆ ಇವು ಲಘು. ಮೈದಾ, ಚೀಸ್, ಕರಿದ ಪದಾರ್ಥ ಇವು ಗುರು, ಅಂದರೆ ಜೀರ್ಣಕ್ಕೆ ಭಾರ. ಪ್ರಯಾಣದಲ್ಲಿ ಲಘುವಾದದ್ದೇ ಮುಖ್ಯವಾಗಿರಲಿ. ನಿಲ್ದಾಣದ ಅಂಗಡಿಗಳಲ್ಲಿ ಎದ್ದು ಕಾಣುವ ಪಿಜ್ಜಾ, ಬರ್ಗರ್, ಪಫ್, ಕೇಕುಗಳು ಬಹುಪಾಲು ಗುರು ಪದಾರ್ಥಗಳು, ದುಬಾರಿಯೂ ಹೌದು. ನಮ್ಮ ಮನೆಯ ಡಬ್ಬಿಗಳಲ್ಲಿರುವ ಅವಲಕ್ಕಿ, ಚುರುಮುರಿ, ಪುಟಾಣಿ, ಬೆಲ್ಲ, ಖಡಕ್ ರೊಟ್ಟಿ ಇವು ಕೆಡುವುದಿಲ್ಲ, ಭಾರವಿಲ್ಲ, ಬೆಲೆಯೂ ಇಲ್ಲವೆನ್ನುವಷ್ಟು ಕಡಿಮೆ. ಖಡಕ್ ರೊಟ್ಟಿಯು ರೂಕ್ಷವಾದುದರಿಂದ ಅದನ್ನು ಒಣಗಿದಂತೆಯೇ ಕಡಿಯದೆ, ತುಪ್ಪ ಸವರಿ ಶೇಂಗಾ ಚಟ್ನಿಯೊಡನೆ, ಅಥವಾ ಬಿಸಿ ಪಲ್ಯದಲ್ಲಿ ನೆನೆಸಿ ತಿನ್ನುವುದು ಉಚಿತ.

2. ಕರಣ: ಸಂಸ್ಕಾರ

ಒಂದೇ ಧಾನ್ಯವು ಹುರಿದಾಗ ಲಘುವಾಗುತ್ತದೆ, ಕರಿದಾಗ ಗುರುವಾಗುತ್ತದೆ. ಮನೆಯಲ್ಲಿಯೇ ಸಂಸ್ಕಾರ ಮುಗಿಸಿ ಒಯ್ಯುವುದೇ ಮಿತವ್ಯಯದ ಗುಟ್ಟು. ತೆಳು ಅವಲಕ್ಕಿಯನ್ನು ಬೆಚ್ಚಗೆ ಹುರಿದು, ಸಾಸಿವೆ, ಜೀರಿಗೆ, ಇಂಗು, ಕರಿಬೇವು, ಅರಿಶಿಣದ ಒಗ್ಗರಣೆ ಕೊಟ್ಟು, ಪುಟಾಣಿ ಬೆರೆಸಿ ಆರಿಸಿ ಮುಚ್ಚಳದ ಡಬ್ಬಿಯಲ್ಲಿ ತುಂಬಿಕೊಳ್ಳಬೇಕು. ಹಾಗೆಯೇ ತಿಂದರೆ ಫಳಾರ, ಮೇಲೆ ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿಟ್ಟರೆ ಮೃದುವಾದ ಉಪಾಹಾರ. ಸಣ್ಣ ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವಂತೆ ಹುರಿದು, ಒಗ್ಗರಣೆ, ಉಪ್ಪು ಬೆರೆಸಿ ಒಯ್ದರೆ ಕುದಿನೀರು ದೊರೆತ ಕಡೆಯಲ್ಲೆಲ್ಲ ಉಪ್ಪಿಟ್ಟು ಸಿದ್ಧ. ಹುರಿಹಿಟ್ಟಿಗೆ ಬೆಲ್ಲ, ಏಲಕ್ಕಿ ಸೇರಿಸಿ ಬಿಸಿನೀರಿನಲ್ಲಿ ಕಲಸಿದರೆ ಹಲ್ಲಿಲ್ಲದವರಿಗೂ ಆಹಾರ.

ಬಿಸಿನೀರು ಎಲ್ಲಿ ಸಿಗುತ್ತದೆ ಎಂದು ಕೇಳುವವರಿದ್ದಾರೆ. ಒಂದು ಲೋಟ ಚಹಾ ಕೊಂಡು, ಡಬ್ಬಿಯನ್ನು ಮುಂದೆ ಹಿಡಿದು ವಿನಯದಿಂದ ಕೇಳಿದರೆ ಚಹಾದ ಅಂಗಡಿಯವರು ಬಹುಮಟ್ಟಿಗೆ ಇಲ್ಲವೆನ್ನುವುದಿಲ್ಲ. ಒಂದು ಚಹಾದ ಬೆಲೆಯಲ್ಲಿ ಇಬ್ಬರ ಉಪಾಹಾರ ಮುಗಿಯುತ್ತದೆ.

3. ಸಂಯೋಗ: ಬೆರಕೆ

ಹಾಲಿನೊಡನೆ ಹುಳಿಹಣ್ಣು, ಹಾಲಿನೊಡನೆ ಬಾಳೆಹಣ್ಣು ಇವು ವಿರುದ್ಧಾಹಾರಗಳೆಂದು ನಮ್ಮ ಶಾಸ್ತ್ರದ ಮತ. ನಿಲ್ದಾಣಗಳಲ್ಲಿ ‘ಶೇಕ್’, ‘ಸ್ಮೂದಿ’ ಎಂಬ ಹೆಸರಿನಲ್ಲಿ ಇವೇ ಮಾರಾಟವಾಗುತ್ತವೆ. ಚಹಾದೊಡನೆ ಕೊಡುವ ಜೇನನ್ನು ಕುದಿಯುವ ಪಾನೀಯದಲ್ಲಿ ಬೆರೆಸುವುದನ್ನೂ ಆಯುರ್ವೇದ ಒಪ್ಪುವುದಿಲ್ಲ. ಕರಿದ ತಿಂಡಿಯ ಮೇಲೆ ಗುಳ್ಳೆ ಬರುವ ತಂಪು ಪಾನೀಯ ಕುಡಿದು ವಿಮಾನ ಹತ್ತುವುದು ಎಲ್ಲಕ್ಕಿಂತ ಕೆಟ್ಟ ಸಂಯೋಗ. ಆ ಗುಳ್ಳೆಗಳು ಮೇಲೆ ಹೋದಂತೆ ಹಿಗ್ಗಿ ಹೊಟ್ಟೆಯುಬ್ಬರ ತರುತ್ತವೆ. ಇದೇ ಕಾರಣದಿಂದ ಹುರುಳಿ, ಅಲಸಂದೆ, ಎಲೆಕೋಸುಗಳನ್ನೂ ವಿಮಾನ ಹತ್ತುವ ಮುನ್ನಿನ ಊಟದಲ್ಲಿ ವರ್ಜಿಸುವುದು ಮೇಲು.

4. ರಾಶಿ: ಪ್ರಮಾಣ

ಹೊಟ್ಟೆಯನ್ನು ಮೂರು ಪಾಲಾಗಿ ಭಾವಿಸಿ, ಒಂದು ಪಾಲು ಘನಾಹಾರಕ್ಕೆ, ಒಂದು ಪಾಲು ದ್ರವಕ್ಕೆ, ಇನ್ನೊಂದನ್ನು ವಾತಾದಿ ದೋಷಗಳ ಸಂಚಾರಕ್ಕೆ ಬಿಡಬೇಕೆಂದು ವಿಮಾನಸ್ಥಾನದ ಎರಡನೆಯ ಅಧ್ಯಾಯ ಹೇಳುತ್ತದೆ. ಗುರು ಪದಾರ್ಥವಾದರೆ ಅರ್ಧ ತೃಪ್ತಿಗೇ ನಿಲ್ಲಿಸಬೇಕು. ಕೆಲವು ಬ್ಯಾಂಕ್ ಕಾರ್ಡುಗಳಿಗೆ ನಿಲ್ದಾಣದ ಲೌಂಜಿನಲ್ಲಿ ಪ್ರವೇಶ ದೊರೆಯುತ್ತದೆ, ಅಲ್ಲಿ ಬೇಕಾದಷ್ಟು ಬಡಿಸಿಕೊಳ್ಳಬಹುದು. ಮಕ್ಕಳಿಂದ ಈ ಅನುಕೂಲವಿದ್ದರೆ ಬಳಸಿಕೊಳ್ಳಿ. ಆದರೆ ಉಚಿತವೆಂಬ ಕಾರಣಕ್ಕೆ ಮೂರು ಹೊತ್ತಿನದನ್ನು ಒಂದೇ ಹೊತ್ತಿಗೆ ಉಣ್ಣುವುದು ಬೇಡ. ಹಣ ಕೊಟ್ಟು ಕೊಳ್ಳುವಾಗ ಒಂದು ತಟ್ಟೆ ಬಿಸಿ ಪದಾರ್ಥ ಕೊಂಡು, ಮನೆಯ ರೊಟ್ಟಿಯೊಡನೆ ಇಬ್ಬರು ಹಂಚಿಕೊಂಡರೆ ಪ್ರಮಾಣವೂ ಸರಿ, ಖರ್ಚೂ ಅರ್ಧ.

5. ದೇಶ: ಸ್ಥಳ ಮತ್ತು ಅಲ್ಲಿನ ನಿಯಮ

ಈ ಅಂಶವನ್ನು ತುಸು ವಿಸ್ತಾರವಾಗಿಯೇ ಹೇಳಬೇಕಾಗಿದೆ. ಆಹಾರವು ಆರೋಗ್ಯಕ್ಕೆ ಹಿತವಾಗಿದ್ದರೂ ಆಯಾ ದೇಶದ ಕಾನೂನಿಗೆ ಹಿತವಾಗಿರದಿದ್ದರೆ ಕಷ್ಟ.

ಅಂತಾರಾಷ್ಟ್ರೀಯ ಪ್ರಯಾಣದಲ್ಲಿ ಕೈಚೀಲದಲ್ಲಿ ಒಯ್ಯುವ ಯಾವ ದ್ರವವೂ ಸಾಮಾನ್ಯವಾಗಿ 100 ಮಿಲಿಲೀಟರ್ ಮೀರಿದ ಶೀಶೆಯಲ್ಲಿರುವಂತಿಲ್ಲ. ಮೊಸರು, ಉಪ್ಪಿನಕಾಯಿ, ಹಸಿ ಚಟ್ನಿ, ತುಪ್ಪ ಇವೂ ದ್ರವದ ಲೆಕ್ಕಕ್ಕೇ ಸೇರುತ್ತವೆ. ಬೆಂಗಳೂರಿನ ನಿಲ್ದಾಣದೊಳಗೆ ಕೊಂಡ ನೀರಿನ ಬಾಟಲಿಯನ್ನು ಕೂಡ ನಡುವಿನ ನಿಲ್ದಾಣದ ತಪಾಸಣೆಯಲ್ಲಿ ತೆಗೆದಿಡಬಹುದು. ಆದುದರಿಂದ ಖಾಲಿ ಸ್ಟೀಲ್ ಬಾಟಲಿ ಒಯ್ದು, ತಪಾಸಣೆ ದಾಟಿದ ಮೇಲೆ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಬೇಕು. ಇಂಥ ನಲ್ಲಿಗಳು ಹೆಚ್ಚಾಗಿ ಶೌಚಾಲಯಗಳ ಸಮೀಪದಲ್ಲಿರುತ್ತವೆ. ಇದೊಂದರಿಂದಲೇ ದಿನದ ಖರ್ಚಿನ ಒಂದು ಭಾಗ ಉಳಿಯುತ್ತದೆ.

ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರ್ ಅಳತೆಗಿಂತ ಹೆಚ್ಚಿನ ಪುಡಿಯನ್ನು ಕೈಚೀಲದಲ್ಲಿ ಒಯ್ದರೆ ವಿಶೇಷ ತಪಾಸಣೆಯಾಗುತ್ತದೆ. 2018ರಿಂದ ಈ ಕ್ರಮವಿದೆ. ಚಟ್ನಿಪುಡಿ, ಹುರಿಹಿಟ್ಟುಗಳನ್ನು ಸಣ್ಣ ಪೊಟ್ಟಣಗಳಲ್ಲಿ ಹೆಸರು ಬರೆದು ಇಡುವುದು ಕ್ಷೇಮ. ದೊಡ್ಡ ಪೊಟ್ಟಣಗಳು ಸರಕಿನ ಪೆಟ್ಟಿಗೆಗೆ ಹೋಗಲಿ. ಒಣಕೊಬ್ಬರಿಯ ಬಟ್ಟಲುಗಳನ್ನು ಎಣ್ಣೆಯಂಶದಿಂದ ಬೆಂಕಿಯ ಅಪಾಯವಿದೆಯೆಂದು ನಮ್ಮ ದೇಶದ ವಿಮಾನಗಳಲ್ಲಿ ಬಿಡುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದ ಎಚ್ಚರ ಗಸಗಸೆಯದು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ, ಎಂದರೆ ದುಬೈ, ಅಬುಧಾಬಿಗಳಲ್ಲಿ, ಗಸಗಸೆಯು ಮಾದಕ ವಸ್ತುವಿನ ಸಾಲಿಗೆ ಸೇರಿದ ನಿಷಿದ್ಧ ಪದಾರ್ಥ. ನಮ್ಮ ಕಡೆ ಅಂಟಿನುಂಡೆಗೂ ಕರ್ಜಿಕಾಯಿಯ ಹೂರಣಕ್ಕೂ ಗಸಗಸೆ ಹಾಕುವ ರೂಢಿಯಿದೆ. ಬಾಣಂತಿಗೆಂದು ಪ್ರೀತಿಯಿಂದ ಕಟ್ಟಿದ ಉಂಡೆ ತಾಯಿಯನ್ನು ಪೊಲೀಸರ ಮುಂದೆ ನಿಲ್ಲಿಸಬಾರದು. ಆ ದಾರಿಯಾಗಿ ಹೋಗುವವರು ಗಸಗಸೆಯನ್ನೂ, ಗಸಗಸೆ ಬೆರೆತ ಯಾವ ತಿನಿಸನ್ನೂ ಕೈಚೀಲದಲ್ಲಾಗಲಿ ಪೆಟ್ಟಿಗೆಯಲ್ಲಾಗಲಿ ಇಡಲೇಬಾರದು. ಗಸಗಸೆಯಿಲ್ಲದೆಯೇ ಅಂಟಿನುಂಡೆ ಕಟ್ಟಬಹುದು.

ಇನ್ನು ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಇಳಿಯುವಾಗ ಉಳಿದ ಹಣ್ಣು, ಬೀಜ, ತಿನಿಸುಗಳನ್ನು ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ. ಮುಚ್ಚಿಟ್ಟರೆ ದಂಡ ತೆರಬೇಕಾಗುತ್ತದೆ. ತಾಜಾ ಹಣ್ಣನ್ನು ವಿಮಾನದಲ್ಲಿಯೇ ತಿಂದು ಮುಗಿಸುವುದು ಸರಳ ಮಾರ್ಗ.

6. ಕಾಲ: ಹೊತ್ತು

ಉದಾಹರಣೆಗೆ ಬೆಂಗಳೂರಿನಿಂದ ಬೆಳಗಿನ ನಾಲ್ಕಕ್ಕೆ ಹೊರಟ ವಿಮಾನ ಸುಮಾರು ನಾಲ್ಕು ಗಂಟೆಯಲ್ಲಿ ದುಬೈ ಸೇರುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ, ಆದ್ದರಿಂದ ಅಲ್ಲಿ ಆರೂವರೆ. ಮುಂದಿನ ವಿಮಾನ ಮಧ್ಯಾಹ್ನ ಮೂರೂವರೆಗೆ ಎಂದಿಟ್ಟುಕೊಳ್ಳೋಣ. ಒಂಬತ್ತು ಗಂಟೆಯ ಈ ಅವಧಿಯನ್ನು ಹೀಗೆ ಹಂಚಿಕೊಳ್ಳಬಹುದು.

ಇಳಿದೊಡನೆ ಶೌಚ, ಮುಖಮಾರ್ಜನ, ಒಂದು ಲೋಟ ಬೆಚ್ಚಗಿನ ನೀರು. ಏಳೂವರೆಗೆ ಮನೆಯ ಅವಲಕ್ಕಿ ಮತ್ತು ಒಂದು ಚಹಾ. ಆಗ ನಮ್ಮಲ್ಲಿ ಒಂಬತ್ತು ಗಂಟೆ, ದೇಹಕ್ಕೆ ರೂಢಿಯಾದ ಉಪಾಹಾರದ ಹೊತ್ತು. ಅನಂತರ ನಿಲ್ದಾಣದೊಳಗೆ ಅರ್ಧ ಗಂಟೆ ನಡಿಗೆ. ದೀರ್ಘಕಾಲ ಕುಳಿತವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಇದು ಕಾಯುತ್ತದೆ. ಹತ್ತರ ಹೊತ್ತಿಗೆ ಎರಡು ಖರ್ಜೂರ ಅಥವಾ ಹಿಡಿ ಪುಟಾಣಿ. ಹನ್ನೆರಡಕ್ಕೆ ಊಟ: ಒಂದು ಬಿಸಿ ಪದಾರ್ಥ ಕೊಂಡು, ಮನೆಯ ರೊಟ್ಟಿ, ಚಟ್ನಿಪುಡಿಯೊಡನೆ. ನಮ್ಮಲ್ಲಿ ಆಗ ಮಧ್ಯಾಹ್ನ ಒಂದೂವರೆ. ಮುಂದಿನ ವಿಮಾನದಲ್ಲಿ ಊಟ ಕೊಡುವುದರಿಂದ ಇದು ಹೊಟ್ಟೆ ಬಿರಿಯುವಷ್ಟು ಬೇಡ. ಹಿಂದಿನದು ಜೀರ್ಣವಾದ ಬಳಿಕವೇ ಮುಂದಿನದು ಎಂಬ ನಿಯಮ ಆಕಾಶದಲ್ಲೂ ಅನ್ವಯಿಸುತ್ತದೆ.

ಚಪಾತಿಯನ್ನು ಮಾಡಿದ 12 ಗಂಟೆಯೊಳಗೆ ಮುಗಿಸಿಬಿಡಬೇಕು, ಬೆಂಗಳೂರು ನಿಲ್ದಾಣದ ರಾತ್ರಿಯ ಊಟಕ್ಕೆ ಅದು ತಕ್ಕುದು. ಚಿತ್ರಾನ್ನ, ಮೊಸರನ್ನ, ತೆಂಗಿನ ಚಟ್ನಿಗಳನ್ನು ಗಂಟೆಗಟ್ಟಲೆ ಚೀಲದಲ್ಲಿಟ್ಟು ತಿನ್ನುವುದು ವಾಂತಿಭೇದಿಗೆ ಆಹ್ವಾನ.

7. ಉಪಯೋಗಸಂಸ್ಥೆ: ಸೇವನೆಯ ನಿಯಮ

ಬಿಸಿಯಾಗಿ, ಸ್ನಿಗ್ಧವಾಗಿ, ಮಿತವಾಗಿ, ಆತುರವಿಲ್ಲದೆ, ಮನಸ್ಸಿಟ್ಟು ಉಣ್ಣಬೇಕೆಂದು ಶಾಸ್ತ್ರ ಹೇಳುತ್ತದೆ. ನಿಲ್ದಾಣದಲ್ಲಿ ಎಲ್ಲರೂ ನಡೆಯುತ್ತಲೇ ತಿನ್ನುತ್ತಾರೆಂದು ನಾವೂ ಹಾಗೆ ಮಾಡಬೇಕಿಲ್ಲ. ಕೈ ತೊಳೆದು, ಒಂದೆಡೆ ಕುಳಿತು, ಮೊಬೈಲು ಕೆಳಗಿಟ್ಟು ಉಣ್ಣಿರಿ. ಇಷ್ಟಲಿಂಗಪೂಜೆಯಾಗದೆ ಅನ್ನಪಾನ ಸೇವಿಸದ ಹಿರಿಯರು ಇಳಿದೊಡನೆ ಪ್ರಶಾಂತವಾದ ಮೂಲೆಯೊಂದರಲ್ಲಿ ಸಂಕ್ಷಿಪ್ತವಾಗಿ ಪೂಜೆ ಮುಗಿಸಿಕೊಳ್ಳಲಿ. ಕರ್ಪೂರ, ಬೆಂಕಿಪೆಟ್ಟಿಗೆ ಒಯ್ಯುವಂತಿಲ್ಲ, ವಿಭೂತಿ, ನೀರು ಸಾಕು. ಮಾತ್ರೆಯನ್ನು ಪೂಜೆಗೆ ಮುಂಚೆ ನುಂಗಿ ಆಹಾರವನ್ನು ತಡಮಾಡುವುದು ಮಾತ್ರ ಕೂಡದು. ಪೂಜೆ, ಮಾತ್ರೆ, ಆಹಾರ ಈ ಅನುಕ್ರಮವಿರಲಿ, ಇವುಗಳ ನಡುವೆ ಅಂತರ ಬೇಡ.

ಸಸ್ಯಾಹಾರದ ವಿಷಯದಲ್ಲಿ ಹೆಸರುಗಳು ಮೋಸಗೊಳಿಸುತ್ತವೆ. ವಿಮಾನದ ಊಟವನ್ನು ಕನಿಷ್ಠ 24 ಗಂಟೆ ಮುಂಚೆ ಗೊತ್ತುಪಡಿಸುವಾಗ ‘ಏಷ್ಯನ್ ವೆಜಿಟೇರಿಯನ್ ಮೀಲ್’ ಎಂದು ಕೇಳಿಸಬೇಕು. ‘ಹಿಂದೂ ಮೀಲ್’ ಎಂದರೆ ವಿಮಾನಗಳ ಭಾಷೆಯಲ್ಲಿ ಗೋಮಾಂಸ, ಹಂದಿಮಾಂಸಗಳಿಲ್ಲದ ಮಾಂಸಾಹಾರ. ‘ಲ್ಯಾಕ್ಟೋ ಓವೋ’ ಎಂದಿದ್ದರೆ ಮೊಟ್ಟೆ ಇರುತ್ತದೆ. ಕೊಲ್ಲಿ ದೇಶಗಳ ನಿಲ್ದಾಣಗಳಲ್ಲಿ ಕಡಲೆಯಿಂದ ಮಾಡಿದ ಹಮ್ಮಸ್, ಫಲಾಫಲ್‌ಗಳು ರೊಟ್ಟಿಯೊಡನೆ ದೊರೆಯುತ್ತವೆ, ಅವು ಸಸ್ಯಾಹಾರ. ಆದರೆ ಫಲಾಫಲ್ ಕರಿದದ್ದು, ಕಡಲೆ ವಾತಕರ, ಆದುದರಿಂದ ಸ್ವಲ್ಪ ಸಾಕು. ಬೇಳೆಯ ಸೂಪು ಉತ್ತಮ, ಕೋಳಿಯ ರಸದಲ್ಲಿ ಬೇಯಿಸಿದ್ದಾರೆಯೇ ಎಂದು ವಿಚಾರಿಸಿ ಕೊಳ್ಳಬೇಕು. ಭಾಷೆ ಬಾರದವರಿಗೆ ಒಂದು ಉಪಾಯವಿದೆ. "ನಾವು ಮಾಂಸ, ಮೀನು, ಮೊಟ್ಟೆ ಸೇವಿಸುವುದಿಲ್ಲ" ಎಂದು ಇಂಗ್ಲಿಷಿನಲ್ಲಿಯೂ ಅರಬ್ಬಿಯಲ್ಲಿಯೂ ಮಕ್ಕಳಿಂದ ಚೀಟಿ ಬರೆಸಿಕೊಂಡು ಅಂಗಡಿಯಲ್ಲಿ ತೋರಿಸಬಹುದು.

8. ಉಪಯೋಕ್ತೃ: ಉಣ್ಣುವವನು

ಮೇಲಿನ ಏಳೂ ಕೊನೆಗೆ ಉಣ್ಣುವವನನ್ನು ಅವಲಂಬಿಸಿವೆ. ಮಧುಮೇಹಿಗಳು ಇನ್ಸುಲಿನ್, ಮಾತ್ರೆಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಗಡಿಯಾರ ಬದಲಾದಾಗ ಯಾವ ಹೊತ್ತಿಗೆ ಎಷ್ಟು ಔಷಧವೆಂಬುದನ್ನು ಹೊರಡುವ ಮುನ್ನವೇ ತಮ್ಮ ವೈದ್ಯರಿಂದ ಬರೆಸಿಕೊಳ್ಳಬೇಕು. ಬೆಲ್ಲದ ತುಂಡು ಅವರ ಜೇಬಿನಲ್ಲಿರಲಿ, ಆದರೆ ಅದು ಆಪತ್ತಿಗೆ, ಬಾಯಾಡಿಸಲಿಕ್ಕಲ್ಲ. ರಕ್ತದೊತ್ತಡವುಳ್ಳವರು ಚಿಪ್ಸ್, ಪೊಟ್ಟಣದ ನೂಡಲ್ಸ್, ಉಪ್ಪಿನಕಾಯಿಗಳಲ್ಲಿನ ಉಪ್ಪನ್ನು ನೆನೆಯಬೇಕು. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೂತ್ರಪಿಂಡದ ರೋಗವಿದ್ದವರು ಖರ್ಜೂರ, ಬಾಳೆಹಣ್ಣು ಮತ್ತು ನೀರಿನ ಪ್ರಮಾಣವನ್ನು ವೈದ್ಯರಲ್ಲಿ ಕೇಳಿಯೇ ನಿರ್ಧರಿಸಬೇಕು.

ಹಣದ ಲೆಕ್ಕ

ನಿಲ್ದಾಣದಲ್ಲಿ ಬೆಲೆ ಹೆಚ್ಚೇಕೆ? ಅಲ್ಲಿನ ಅಂಗಡಿಗಳು ಬಾಡಿಗೆಯ ಜೊತೆಗೆ ಮಾರಾಟದಲ್ಲೊಂದು ಪಾಲನ್ನೂ ನಿಲ್ದಾಣಕ್ಕೆ ಕೊಡಬೇಕಾಗುವುದು ಸಾಮಾನ್ಯ. ಪ್ರತಿಯೊಂದು ಸರಕೂ ಭದ್ರತಾ ತಪಾಸಣೆ ದಾಟಿಯೇ ಒಳಬರಬೇಕು. ಕೊಳ್ಳುವವನಿಗೆ ಹೊರಹೋಗುವ ಸ್ವಾತಂತ್ರ್ಯವೂ ಇಲ್ಲ. ಈ ಕಾರಣಗಳಿಂದ ಬೆಲೆ ಏರುತ್ತದೆ, ಅಂಗಡಿಯವರೊಡನೆ ಜಗಳವಾಡಿ ಪ್ರಯೋಜನವಿಲ್ಲ.

ನಮ್ಮ ದೇಶದಲ್ಲಿ ಈ ಕಷ್ಟಕ್ಕೆ ಒಂದು ಪರಿಹಾರ ಆರಂಭವಾಗಿದೆ. 2024ರ ಡಿಸೆಂಬರಿನಲ್ಲಿ ಕೋಲ್ಕತ್ತ ವಿಮಾನ ನಿಲ್ದಾಣದಲ್ಲಿ ‘ಉಡಾನ್ ಯಾತ್ರಿ ಕೆಫೆ’ ತೆರೆಯಿತು. ಆರಂಭದಲ್ಲಿ ಅಲ್ಲಿ ನೀರಿನ ಬಾಟಲಿಗೆ 10 ರೂಪಾಯಿ, ಚಹಾಕ್ಕೆ 10, ಕಾಫಿಗೆ 20, ಸಮೋಸಾಕ್ಕೆ 20 ರೂಪಾಯಿ ಎಂದು ಗೊತ್ತುಪಡಿಸಿದ್ದರು. 2025ರಲ್ಲಿ ಚೆನ್ನೈ ನಿಲ್ದಾಣದಲ್ಲೂ ಇಂಥದು ಬಂದಿತು. ಕಾಶಿಗೋ ಕೇದಾರಕ್ಕೋ ವಿಮಾನದಲ್ಲಿ ಹೊರಟವರು ಇಳಿದ ನಿಲ್ದಾಣದಲ್ಲಿ ಈ ಹೆಸರಿನ ಅಂಗಡಿಯಿದೆಯೇ ಎಂದು ವಿಚಾರಿಸಬಹುದು.

ಸಂಕೋಚಪಡದೆ ಕೇಳಿ ಪಡೆಯಬೇಕಾದದ್ದೂ ಇದೆ. ನಮ್ಮ ದೇಶದ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಂತೆ, ವಿಮಾನ ಎರಡು ಗಂಟೆ ಅಥವಾ ಹೆಚ್ಚು ತಡವಾದರೆ, ದೂರದ ವಿಮಾನಗಳಿಗೆ ಮೂರು ಅಥವಾ ನಾಲ್ಕು ಗಂಟೆ ತಡವಾದರೆ, ಸಮಯಕ್ಕೆ ಸರಿಯಾಗಿ ಬಂದ ಪ್ರಯಾಣಿಕರಿಗೆ ಊಟ ಉಪಾಹಾರವನ್ನು ವಿಮಾನಸಂಸ್ಥೆಯೇ ಕೊಡಬೇಕು. ನಡುವೆ ಬಹಳ ಹೊತ್ತು ಕಾಯಬೇಕಾದಲ್ಲಿ ಕೆಲವು ವಿದೇಶೀ ಸಂಸ್ಥೆಗಳು ಊಟದ ಚೀಟಿಯನ್ನೋ ತಂಗುವ ಕೊಠಡಿಯನ್ನೋ ಕೊಡುವುದುಂಟು. ಟಿಕೆಟ್ ಕೊಳ್ಳುವಾಗಲೇ ಮಕ್ಕಳು ಇದನ್ನು ವಿಚಾರಿಸಬೇಕು.

ಇಬ್ಬರು ಹಿರಿಯರ ಕೈಚೀಲಕ್ಕೆ

ಮೆಂತ್ಯದ ಚಪಾತಿ 6, ಖಡಕ್ ಜೋಳದ ರೊಟ್ಟಿ 6, ಒಗ್ಗರಣೆಯ ತೆಳು ಅವಲಕ್ಕಿ 250 ಗ್ರಾಂ, ಪುಟಾಣಿ 100 ಗ್ರಾಂ, ಶೇಂಗಾ ಚಟ್ನಿಪುಡಿ 100 ಗ್ರಾಂ, ಬೆಲ್ಲ 50 ಗ್ರಾಂ, ಖರ್ಜೂರ 10, ತುಪ್ಪ 50 ಮಿಲಿಲೀಟರಿನ ಪುಟ್ಟ ಶೀಶೆ, ಹುರಿದ ಜೀರಿಗೆ ಮತ್ತು ಒಣಶುಂಠಿಯ ಪುಡಿ ಎರಡು ಚಮಚ, ಖಾಲಿ ಸ್ಟೀಲ್ ಬಾಟಲಿ 2, ಮುಚ್ಚಳದ ಸ್ಟೀಲ್ ಡಬ್ಬಿ 2, ಚಮಚ 2, ಔಷಧ ಮತ್ತು ವೈದ್ಯರ ಚೀಟಿ. ಚಾಕು, ಕತ್ತರಿ ಬೇಡ. ಹೊಟ್ಟೆ ಭಾರವೆನಿಸಿದಾಗ ಜೀರಿಗೆ ಶುಂಠಿಯ ಪುಡಿಯನ್ನು ಚಿಟಿಕೆಯಷ್ಟು ಬಿಸಿನೀರಿನಲ್ಲಿ ಸೇವಿಸಿದರೆ ಹಗುರವಾಗುತ್ತದೆ.

ಮಕ್ಕಳಿಗೆ ಒಂದು ಮಾತು. ತಂದೆತಾಯಿಗಳು ನಿಮ್ಮ ಹಣವನ್ನು ಉಳಿಸಲೆಂದೇ ಹಸಿದಿರುತ್ತಾರೆ, ಕೇಳಿದರೆ "ಹಸಿವಾಗಲಿಲ್ಲಪ್ಪಾ" ಎನ್ನುತ್ತಾರೆ. ಟಿಕೆಟ್ ಕಳಿಸುವಾಗಲೇ ಅವರ ಊಟಕ್ಕೆಂದು ಆ ದೇಶದ ಸ್ವಲ್ಪ ಹಣವನ್ನು ಬೇರೆಯಾಗಿ ಕೈಗಿತ್ತು, "ಇದನ್ನು ಉಳಿಸಿ ತರಬೇಡಿ" ಎಂದು ಸ್ಪಷ್ಟವಾಗಿ ಹೇಳಿರಿ. ಎರಡು ವಿಮಾನಗಳ ನಡುವೆ ಒಮ್ಮೆ ಕರೆಮಾಡಿ, ತಲುಪಿದಿರಾ ಎಂಬುದಕ್ಕಿಂತ ಮೊದಲು ಏನು ಉಂಡಿರಿ ಎಂದು ಕೇಳಿರಿ.

ಹಿರಿಯರು ಹೊರಡುವ ಹಿಂದಿನ ದಿನ ಈ ಪುಟವನ್ನು ಮತ್ತೊಮ್ಮೆ ಓದಿ, ಪಟ್ಟಿಯಂತೆ ಚೀಲ ಕಟ್ಟಿಕೊಳ್ಳಲಿ. ಹೊತ್ತಿಗೆ ಸರಿಯಾಗಿ, ಹಿತವಾಗಿ, ಮಿತವಾಗಿ ಉಂಡವರು ಮಕ್ಕಳ ಮನೆಯ ಬಾಗಿಲಲ್ಲಿ ರೋಗಿಗಳಾಗಿ ನಿಲ್ಲದೆ, ಮೊಮ್ಮಗುವನ್ನು ಎತ್ತಿಕೊಳ್ಳುವ ಕಸುವಿನಿಂದ ನಿಲ್ಲುತ್ತಾರೆ.